ಶಬ್ದವನ್ನು ಮೀರಿದ ವಿಮಾನ ಸದ್ದಡಗಿಸುವುದು ಹೇಗೆ?

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ಈ ಸಲ ನಮ್ಮ ಕಾರ್ಯದರ್ಶಿಗಳು ವಿಜ್ಞಾನದ ಒಂದು ವಿಷಯವಿರಲಿ ಎಂದರು. ಜೊತೆಗೆ ಒಂದು ಕರಾರನ್ನೂ ಹಾಕಿದರು: ಶಾಲೆಯ ಹುಡುಗನಿಗೂ ಅವನ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು. ಕರಾರು ನನಗೆ ಒಪ್ಪಿಗೆಯಾಯಿತು. ತಿಳಿಯಾಗಿ ಹೇಳಲು ಬಾರದ ವಿಷಯವನ್ನು ಹೇಳುವವನೇ ಸರಿಯಾಗಿ ತಿಳಿದಿಲ್ಲವೆಂದು ಲೆಕ್ಕ.

ನಾನು ಆರಿಸಿಕೊಂಡಿರುವುದು ಆಕಾಶದ ವಿಷಯ. ಮುಂಬಯಿಯಲ್ಲಿ ನೆಲೆಸಿರುವ ನಮಗೆ ವಿಮಾನದ ಸದ್ದು ಹೊಸದಲ್ಲ. ಕುರ್ಲಾ, ಘಾಟ್‌ಕೋಪರ್‌ಗಳ ಕಡೆ ಮನೆ ಮಾಡಿರುವವರು ವಿಮಾನ ದಾಟಿ ಹೋಗುವವರೆಗೆ ಮಾತು ನಿಲ್ಲಿಸಿ ಮತ್ತೆ ಮುಂದುವರಿಸುವ ಅಭ್ಯಾಸವನ್ನೇ ಮಾಡಿಕೊಂಡಿದ್ದಾರೆ. ಆದರೆ ಇಂದು ನಾನು ಹೇಳಬೇಕೆಂದಿರುವುದು ಈ ಸದ್ದಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳು ಹುಟ್ಟಿಸುವ ಇನ್ನೊಂದು ಬಗೆಯ ಸದ್ದು. ಇಂಗ್ಲಿಷಿನವರು ಅದನ್ನು ಸಾನಿಕ್ ಬೂಮ್ ಎನ್ನುತ್ತಾರೆ. ನಾವು ಈ ಹೊತ್ತಿಗೆ ‘ಸಿಡಿಸದ್ದು’ ಎಂದು ಕರೆಯೋಣ.

ನಿಮ್ಮಲ್ಲಿ ಅನೇಕರ ಬಂಧುಗಳು ಈ ಸಿಡಿಸದ್ದನ್ನು ಕೇಳಿಯೇ ಇದ್ದಾರೆ. ೨೦೨೦ರ ಮೇ ೨೦ರಂದು ಮಧ್ಯಾಹ್ನ ಒಂದೂ ಕಾಲು ಗಂಟೆಯ ಸುಮಾರಿಗೆ ಬೆಂಗಳೂರಿನ ಬಹುಭಾಗದಲ್ಲಿ ಭಾರಿ ಸದ್ದೊಂದು ಕೇಳಿಸಿತು. ಕಿಟಕಿ ಬಾಗಿಲುಗಳು ಅದುರಿದುವು. ಕೊರೋನಾ ಕಾಲ, ಊರೆಲ್ಲ ಮನೆಯೊಳಗೇ ಇತ್ತು. ಭೂಕಂಪವೆಂದರು ಕೆಲವರು, ಸ್ಫೋಟವೆಂದರು ಕೆಲವರು. ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯಿಂದ ವಿವರಣೆ ಬಂದಿತು. ವಾಯುಸೇನೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿತ್ತು. ಮೂವತ್ತಾರರಿಂದ ನಲವತ್ತು ಸಾವಿರ ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳಗಿನ ವೇಗಕ್ಕೆ ಇಳಿಯುವಾಗ ಎದ್ದ ಸದ್ದು ಅದು. ವಿಮಾನವಿದ್ದುದು ನಗರದ ಮೇಲಲ್ಲ, ನಗರದ ಎಲ್ಲೆಯಿಂದ ಬಹಳ ದೂರದಲ್ಲಿ. ಅರುವತ್ತೈದು, ಎಂಬತ್ತು ಕಿಲೋಮೀಟರ್ ದೂರದಲ್ಲಿ ಹಾರುತ್ತಿದ್ದರೂ ಇಂಥ ಸದ್ದು ಕೇಳಿಸಬಹುದೆಂದು ಆ ವಿವರಣೆಯಲ್ಲಿಯೇ ಇತ್ತು.

ಒಂದೇ ಒಂದು ವಿಮಾನ, ಒಂದೇ ಒಂದು ಸಲ. ಅದಕ್ಕೇ ಒಂದು ಮಹಾನಗರ ಬೆಚ್ಚಿಬಿದ್ದಿತು. ಇಂಥ ವಿಮಾನಗಳು ದಿನಕ್ಕೆ ಹತ್ತು ಸಲ ಪ್ರಯಾಣಿಕರನ್ನು ಹೊತ್ತು ತಲೆಯ ಮೇಲೆ ಹಾಯ್ದರೆ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ವಿಜ್ಞಾನಿಗಳ ಎರಡು ಮೂರು ತಲೆಮಾರುಗಳೇ ಕಳೆದಿವೆ.

ಸಿಡಿಸದ್ದು ಹುಟ್ಟುವುದು ಹೇಗೆ? ನಮ್ಮ ಊರ ತೇರನ್ನು ನೆನೆಸಿಕೊಳ್ಳಿ. ತೇರು ಮೆಲ್ಲಗೆ ಬರುತ್ತಿದೆ. ಮುಂದಿರುವವರು ‘ಸರಿಯಿರಿ, ಸರಿಯಿರಿ’ ಎಂದು ಕೂಗುತ್ತಾರೆ. ಕೂಗು ತೇರಿಗಿಂತ ಮುಂಚೆ ಹೋಗಿ ಜನರನ್ನು ಮುಟ್ಟುತ್ತದೆ. ಜನ ಎಡಕ್ಕೆ ಬಲಕ್ಕೆ ಸರಿದು ದಾರಿ ಬಿಡುತ್ತಾರೆ. ಗಾಳಿಯೂ ಹಾಗೆಯೇ. ಸಾಮಾನ್ಯ ವಿಮಾನ ಬರುವಾಗ ಅದು ಒತ್ತಿದ ಗಾಳಿಯ ಸುದ್ದಿ ಶಬ್ದದ ವೇಗದಲ್ಲಿ ಮುಂದಕ್ಕೆ ಸಾಗಿ ಮುಂದಿನ ಗಾಳಿಯನ್ನು ಎಚ್ಚರಿಸುತ್ತದೆ. ಗಾಳಿ ಮೆಲ್ಲನೆ ಇಬ್ಬದಿಗೆ ಸರಿಯುತ್ತದೆ. ತೇರು ಕೂಗಿಗಿಂತ ವೇಗವಾಗಿ ನುಗ್ಗಿ ಬಂದಿತೆನ್ನಿ. ಆಗ ಎಚ್ಚರಿಕೆ ತಲಪುವ ಮೊದಲೇ ತೇರು ಮೈಮೇಲೆ ಬಂದಿರುತ್ತದೆ. ಜನ ಒಬ್ಬರ ಮೇಲೊಬ್ಬರು ಬಿದ್ದು ಒತ್ತೊತ್ತಾಗಿ ಗೋಡೆಯಂತೆ ನಿಲ್ಲುತ್ತಾರೆ. ಶಬ್ದಾತೀತ ವಿಮಾನದ ಮುಂದೆ ಗಾಳಿಗೂ ಇದೇ ಅವಸ್ಥೆ. ಹೀಗೆ ಒಮ್ಮೆಗೇ ಒತ್ತಿಕೊಂಡ ಗಾಳಿಯ ತೆಳು ಗೋಡೆಗೆ ಆಘಾತ ತರಂಗವೆಂದು ಹೆಸರು.

ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚಿನ ಹಿಂದೆ ನೀರು ಎರಡು ರೆಕ್ಕೆಯಾಗಿ ಬಿಚ್ಚಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಲಾಂಚು ಸಾಗುವಷ್ಟು ದೂರವೂ ಆ ಅಲೆ ಅದರ ಹಿಂದೆಯೇ ಬರುತ್ತದೆ. ಆಘಾತ ತರಂಗವೂ ವಿಮಾನದಿಂದ ಶಂಕುವಿನ ಆಕಾರದಲ್ಲಿ ಹಿಂದಕ್ಕೆ ಚಾಚಿಕೊಂಡು, ಅದರ ಜೊತೆಯಲ್ಲಿಯೇ ನೆಲವನ್ನು ಗುಡಿಸುತ್ತ ಸಾಗುತ್ತದೆ. ವಿಮಾನವು ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಸದ್ದಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಶಬ್ದಾತೀತ ವೇಗದಲ್ಲಿರುವಷ್ಟು ಹೊತ್ತೂ ವಿಮಾನ ಈ ಸದ್ದಿನ ಸೆರಗನ್ನು ಎಳೆದುಕೊಂಡೇ ಹೋಗುತ್ತದೆ. ಕೆಳಗಿರುವ ಪ್ರತಿಯೊಂದು ಊರಿಗೂ ಅದು ಒಂದೊಂದು ಸಲ ತಗಲುತ್ತದೆ.

ಹಳ್ಳಿಯಲ್ಲಿ ಬೆಳೆದವರಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಗಾಡಿ ಹೊಡೆಯುವವನು ಬಾರುಕೋಲನ್ನು ಬೀಸಿದಾಗ ಛಟೀರೆಂದು ಸದ್ದಾಗುತ್ತದಲ್ಲವೆ? ಬಾರಿನ ತುದಿ ಶಬ್ದದ ವೇಗವನ್ನು ಮೀರುವುದರಿಂದಲೇ ಆ ಸದ್ದು. ಅದೊಂದು ಪುಟ್ಟ ಸಿಡಿಸದ್ದು. ಎತ್ತಿನ ಬೆನ್ನಿಗೆ ಏಟು ಬೀಳಬೇಕಾಗಿಯೇ ಇಲ್ಲ.

ಶಬ್ದದ ವೇಗವೆಷ್ಟು? ನೆಲಮಟ್ಟದಲ್ಲಿ, ಹಿತವಾದ ಹವೆಯಲ್ಲಿ ಗಂಟೆಗೆ ಸುಮಾರು ೧೨೨೫ ಕಿಲೋಮೀಟರ್. ವಿಮಾನಗಳು ಹಾರುವ ಎತ್ತರದಲ್ಲಿ ಗಾಳಿ ಬಹಳ ತಣ್ಣಗಿರುವುದರಿಂದ ಸುಮಾರು ೧೦೬೦ ಕಿಲೋಮೀಟರ್. ಆಸ್ಟ್ರಿಯಾ ದೇಶದ ವಿಜ್ಞಾನಿ ಅರ್ನ್ಸ್ಟ್ ಮಾಖ್ ಎಂಬಾತ ೧೮೮೦ರ ದಶಕದಲ್ಲಿಯೇ ಹಾರುವ ಗುಂಡಿನ ಸುತ್ತಣ ಆಘಾತ ತರಂಗದ ಛಾಯಾಚಿತ್ರ ತೆಗೆಸಿದ್ದನು. ಅವನ ಗೌರವಾರ್ಥವಾಗಿ ಶಬ್ದದ ವೇಗಕ್ಕೆ ‘ಮಾಕ್ ಒಂದು’ ಎಂದೂ, ಅದರ ಇಮ್ಮಡಿಗೆ ‘ಮಾಕ್ ಎರಡು’ ಎಂದೂ ಹೇಳುತ್ತಾರೆ. ೧೯೪೭ರ ಅಕ್ಟೋಬರ್ ೧೪ರಂದು ಅಮೆರಿಕದ ಚಕ್ ಯೇಗರ್ ಎಂಬ ವೈಮಾನಿಕನು ಎಕ್ಸ್-೧ ಎಂಬ ರಾಕೆಟ್ ವಿಮಾನದಲ್ಲಿ ಕುಳಿತು ಸಮತಲ ಹಾರಾಟದಲ್ಲಿ ಮಾಕ್ ಒಂದನ್ನು ದಾಟಿದನು.

ಅಲ್ಲಿಂದ ಮುಂದೆ ಉತ್ಸಾಹಕ್ಕೆ ಮೇರೆಯಿಲ್ಲ. ಪ್ರಯಾಣಿಕರನ್ನೂ ಹೀಗೆಯೇ ಒಯ್ಯಬಾರದೇಕೆ ಎಂದು ಬ್ರಿಟನ್, ಫ್ರಾನ್ಸ್, ಅಮೆರಿಕ, ರಷ್ಯಾ ದೇಶಗಳು ಪೈಪೋಟಿಗೆ ನಿಂತುವು. ಜನ ಈ ಸದ್ದನ್ನು ಎಷ್ಟು ಸಹಿಸಿಯಾರು ಎಂದು ತಿಳಿಯಲು ಅಮೆರಿಕದ ಸರ್ಕಾರ ೧೯೬೪ರಲ್ಲಿ ಓಕ್ಲಹೋಮ ಎಂಬ ನಗರದ ಮೇಲೆ ಆರು ತಿಂಗಳ ಕಾಲ ಯುದ್ಧವಿಮಾನಗಳನ್ನು ಹಾರಿಸಿತು. ದಿನಕ್ಕೆ ಎಂಟರಂತೆ ಒಟ್ಟು ೧೨೫೩ ಸಿಡಿಸದ್ದುಗಳು. ಕೊನೆಯಲ್ಲಿ ಕೇಳಿದಾಗ ನೂರಕ್ಕೆ ಸುಮಾರು ಇಪ್ಪತ್ತೇಳು ಮಂದಿ ‘ಇದರೊಡನೆ ಬಾಳಲು ನಮ್ಮಿಂದಾಗದು’ ಎಂದರು. ಉಳಿದವರು ಸಹಿಸಿಕೊಂಡೇವು ಎಂದರೆಂದು ಸಮಾಧಾನಪಟ್ಟವರೂ ಇದ್ದರು. ಆದರೆ ನಾಲ್ವರಲ್ಲಿ ಒಬ್ಬನು ತನ್ನ ಮನೆಯಲ್ಲಿಯೇ ಇರಲಾರೆನೆಂದರೆ ಅದು ಸಣ್ಣ ಮಾತೆ? ೧೯೭೩ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು ನಿಷೇಧಿಸಿತು.

ಬ್ರಿಟನ್ನೂ ಫ್ರಾನ್ಸೂ ಕೂಡಿ ಕಟ್ಟಿದ ಕಾಂಕಾರ್ಡ್ ೧೯೭೬ರ ಜನವರಿಯಲ್ಲಿ ಪ್ರಯಾಣಿಕರ ಸೇವೆಗೆ ಬಂದಿತು. ಸೊಗಸಾದ ವಿಮಾನ. ಮಾಕ್ ಎರಡರ ವೇಗ. ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆ. ನಮ್ಮ ಏರ್ ಇಂಡಿಯಾ ಕೂಡ ಎರಡು ಕಾಂಕಾರ್ಡುಗಳಿಗೆ ಮುಂಗಡವಾಗಿ ಹೆಸರು ಬರೆಸಿತ್ತು; ಮುಂದೆ ಅನೇಕ ಸಂಸ್ಥೆಗಳಂತೆ ತಾನೂ ಹಿಂದೆ ಸರಿಯಿತು. ಕಾಂಕಾರ್ಡಿನ ಸಿಡಿಸದ್ದು ಕೇಳಿದವರು ನೆಲದ ಮೇಲೆ ಅದನ್ನು ಒಪ್ಪಲಿಲ್ಲ. ಬಹ್ರೇನ್ ಮಾರ್ಗವಾಗಿ ಸಿಂಗಪುರಕ್ಕೆ ಅದು ಹೋಗಬೇಕೆಂದಾಗ ಭಾರತವು ತನ್ನ ನೆಲದ ಮೇಲೆ ಶಬ್ದಾತೀತ ವೇಗಕ್ಕೆ ಅನುಮತಿ ಕೊಡಲಿಲ್ಲ, ಮಲೇಷ್ಯಾ ಆಕ್ಷೇಪಿಸಿತು. ಆ ಸೇವೆ ೧೯೮೦ರಲ್ಲಿ ನಿಂತಿತು. ಕೊನೆಗೆ ಅಟ್ಲಾಂಟಿಕ್ ಸಾಗರವೊಂದೇ ಅದಕ್ಕೆ ಉಳಿದ ಹಾದಿ. ೨೦೦೦ದ ಜುಲೈಯಲ್ಲಿ ಪ್ಯಾರಿಸ್ ಬಳಿ ದೊಡ್ಡ ಅಪಘಾತವಾಯಿತು. ೨೦೦೩ರಲ್ಲಿ ಕಾಂಕಾರ್ಡ್ ನಿವೃತ್ತಿ ಹೊಂದಿತು.

ಇಲ್ಲಿ ಒಂದು ಲೆಕ್ಕ ಮಾಡೋಣ. ವಿಮಾನ ಸಾವಿರ ಅಡಿ ಮೇಲಕ್ಕೇರಿದಷ್ಟೂ ಕೆಳಗೆ ಸದ್ದು ಕೇಳಿಸುವ ಪಟ್ಟೆಯ ಅಗಲ ಸುಮಾರು ಒಂದೊಂದು ಮೈಲಿ ಹೆಚ್ಚುತ್ತದೆ. ಐವತ್ತು ಸಾವಿರ ಅಡಿಯಲ್ಲಿ ಹಾರಿದರೆ ಐವತ್ತು ಮೈಲಿ, ಅಂದರೆ ಎಂಬತ್ತು ಕಿಲೋಮೀಟರ್ ಅಗಲ. ಮುಂಬಯಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು ೮೪೦ ಕಿಲೋಮೀಟರ್. ದಾರಿಯುದ್ದಕ್ಕೂ ಶಬ್ದಾತೀತ ವೇಗವೆಂದೇ ಹಿಡಿಯೋಣ. ಎಂಬತ್ತರಿಂದ ಗುಣಿಸಿದರೆ ಅರುವತ್ತೇಳು ಸಾವಿರ ಚದರ ಕಿಲೋಮೀಟರ್. ಇದು ಇಡೀ ಕರ್ನಾಟಕದ ವಿಸ್ತೀರ್ಣದ ಮೂರರಲ್ಲೊಂದು ಪಾಲಿಗೂ ಸ್ವಲ್ಪ ಹೆಚ್ಚು. ಆ ಪಟ್ಟೆಯಲ್ಲಿ ಸಾತಾರಾ ಇದೆ, ಸಾಂಗ್ಲಿ ಇದೆ, ಗೋಕಾಕ, ಗದಗ, ಚಿತ್ರದುರ್ಗ, ತುಮಕೂರು ಇವೆ. ವಿಮಾನದಲ್ಲಿ ಕುಳಿತವರು ನೂರು ಜನ. ಸದ್ದು ಕೇಳಬೇಕಾದವರು ಲಕ್ಷ ಲಕ್ಷ. ವಿಮಾನದೊಳಗಿನವರಿಗೆ ಮಾತ್ರ ಅದು ಕೇಳಿಸುವುದೇ ಇಲ್ಲ!

ನನಗೆ ಈ ವಿಷಯದಲ್ಲಿ ಮನಸ್ಸು ತಾಗುವುದು ಇಲ್ಲಿಯೇ. ಊರು ಬಿಟ್ಟು ಬಂದ ನಾವು ಬೇಗ ಊರು ಸೇರಬೇಕೆಂದು ಬಯಸುವವರು. ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಾಗ ಒಂದೊಂದು ಗಂಟೆಯೂ ಒಂದೊಂದು ಯುಗವಾಗುವುದು ನಮಗೆ ಗೊತ್ತು. ನಮ್ಮ ಮಕ್ಕಳು ಲಂಡನ್ನಿನಲ್ಲಿ, ಅಮೆರಿಕದಲ್ಲಿ ಇದ್ದಾರೆ. ಅವರು ಅರ್ಧ ಹೊತ್ತಿನಲ್ಲಿ ಬಂದು ಮುಖ ತೋರಿಸಿದರೆ ಯಾರಿಗೆ ಬೇಡ? ಆದುದರಿಂದ ವೇಗವನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ಮೇಲೆ ಹಾರುವವರು ನಾವಾದರೆ, ಕೆಳಗೆ ತೊಟ್ಟಿಲ ಕೂಸನ್ನು ಮಲಗಿಸುತ್ತಿರುವವರೂ, ಹೊಲದಲ್ಲಿ ಎತ್ತು ಹೂಡಿರುವವರೂ ನಮ್ಮವರೇ. ಒಬ್ಬರ ವೇಗಕ್ಕೆ ಇನ್ನೊಬ್ಬರ ನೆಮ್ಮದಿ ಬೆಲೆಯಾಗಬಾರದು. ವೇಗವೂ ಇರಬೇಕು, ನೆಮ್ಮದಿಯೂ ಉಳಿಯಬೇಕು. ಇದು ಸಾಧ್ಯವೆ?

ಸಾಧ್ಯವೆಂದು ಗಣಿತ ಹೇಳುತ್ತದೆ. ವಿಮಾನದ ಮೂತಿಯಿಂದ ಒಂದು ಆಘಾತ ತರಂಗ, ಚಾಲಕನ ಗಾಜಿನ ಗೂಡಿನಿಂದ ಇನ್ನೊಂದು, ರೆಕ್ಕೆಯಿಂದ, ಇಂಜಿನ್ನಿನ ಬಾಯಿಂದ, ಬಾಲದಿಂದ ಒಂದೊಂದು, ಹೀಗೆ ಅನೇಕ ತರಂಗಗಳು ಹೊರಡುತ್ತವೆ. ಬಲವಾದ ತರಂಗ ದುರ್ಬಲವಾದುದಕ್ಕಿಂತ ಸ್ವಲ್ಪ ಬೇಗ ಸಾಗುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಕೆಳಗೆ ಇಳಿದು ಬರುವಷ್ಟರಲ್ಲಿ ಹಿಂದಿನವು ಮುಂದಿನವನ್ನು ಹಿಡಿದು ಕೂಡಿಕೊಂಡು, ಸಣ್ಣ ಹಳ್ಳಗಳು ಸೇರಿ ಹೊಳೆಯಾದಂತೆ, ಕೊನೆಗೆ ಎರಡೇ ಎರಡು ದೊಡ್ಡ ಪೆಟ್ಟುಗಳಾಗುತ್ತವೆ: ಮೂತಿಯದೊಂದು, ಬಾಲದ್ದೊಂದು. ಅದಕ್ಕೇ ಸಿಡಿಸದ್ದು ಅನೇಕ ವೇಳೆ ‘ಢಂ ಢಂ’ ಎಂದು ಜೋಡಿಯಾಗಿ ಕೇಳಿಸುವುದು.

ಸ್ವಾರಸ್ಯವೇನೆಂದರೆ ಒತ್ತಡವಾಗಿ ನೋಡಿದರೆ ಅದು ತೀರ ಸ್ವಲ್ಪ. ಕಾಂಕಾರ್ಡಿನ ಸಿಡಿಸದ್ದು ನೆಲದ ಮೇಲೆ ಗಾಳಿಯ ಸಹಜ ಒತ್ತಡವನ್ನು ಏರಿಸುತ್ತಿದ್ದುದು ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ. ಬೆಟ್ಟದ ಮೆಟ್ಟಿಲು ಹತ್ತಿ ಇಳಿದರೆ ಅದಕ್ಕಿಂತ ಹೆಚ್ಚಿನ ಬದಲಾವಣೆ ನಮ್ಮ ಕಿವಿಗೆ ಆಗುತ್ತದೆ. ಬೆಚ್ಚಿಬೀಳಿಸುವುದು ಒತ್ತಡವಲ್ಲ, ಅದು ಬರುವ ಹಠಾತ್ತು. ಕದವನ್ನು ಧಡಾರೆಂದು ಹಾಕಬಹುದು, ಮೆಲ್ಲನೆ ಒರಗಿಸಲೂಬಹುದು. ಎರಡು ಬಗೆಯಲ್ಲಿಯೂ ಮುಚ್ಚುವುದು ಅದೇ ಕದ. ವಿಮಾನವೂ ತನ್ನ ಕದವನ್ನು ಮೆಲ್ಲನೆ ಒರಗಿಸುವಂತೆ ಮಾಡಬೇಕು. ವಿಷಯದ ಗುಟ್ಟೆಲ್ಲ ಇಷ್ಟೆ.

ಅದು ಹೇಗೆ? ತರಂಗಗಳು ಒಂದನ್ನೊಂದು ಹಿಡಿಯದಂತೆ ನೋಡಿಕೊಳ್ಳಬೇಕು. ಬ್ರಿಟನ್ನಿನ ಗಣಿತಜ್ಞ ವಿಥಮ್ ೧೯೫೦ರ ದಶಕದಲ್ಲಿ ಇದರ ಗಣಿತದ ಅಡಿಪಾಯ ಹಾಕಿದನು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೀಬಾಸ್ ಮತ್ತು ಜಾರ್ಜ್ ಎಂಬಿಬ್ಬರು ೧೯೭೦ರ ಆಸುಪಾಸಿನಲ್ಲಿ ಇನ್ನೂ ಮುಂದೆ ಹೋಗಿ, ಸದ್ದು ಅತ್ಯಂತ ಕಡಿಮೆಯಾಗಬೇಕಾದರೆ ವಿಮಾನದ ಗಾತ್ರ ಮೂತಿಯಿಂದ ಬಾಲದವರೆಗೆ ಹೇಗೆ ಏರಿ ಇಳಿಯಬೇಕು, ಅದನ್ನು ಎತ್ತಿಹಿಡಿಯುವ ಬಲ ಹೇಗೆ ಹರಡಿರಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ಅವರ ಲೆಕ್ಕದಿಂದ ಹೊರಟ ಒಂದು ಮಾತು ಬಹಳ ವಿಚಿತ್ರ: ಸೂಜಿಯಂತೆ ಚೂಪಾದ ಮೂತಿಗಿಂತ ಸ್ವಲ್ಪ ಮೊಂಡಾದ ಮೂತಿ ನೆಲಕ್ಕೆ ಹಿತ. ಮೊಂಡು ಮೂತಿಯ ತರಂಗ ಮೊದಲೇ ಬಲವಾಗಿ ಮುಂದೆ ಹೋಗಿಬಿಡುವುದರಿಂದ ಹಿಂದಿನವು ಅದನ್ನು ಹಿಡಿಯಲಾರವು. ಆದರೆ ಮೂತಿ ಮೊಂಡಾದಷ್ಟೂ ಗಾಳಿಯ ತಡೆ ಹೆಚ್ಚು, ಇಂಧನದ ಖರ್ಚು ಹೆಚ್ಚು. ಒಂದನ್ನು ಗಳಿಸಿದರೆ ಇನ್ನೊಂದನ್ನು ಕಳೆಯಬೇಕು.

ಕಾಗದದ ಮೇಲಿನ ಈ ಲೆಕ್ಕ ಆಕಾಶದಲ್ಲಿ ನಿಲ್ಲುವುದೆ ಎಂದು ನೋಡಲು ಮೂವತ್ತು ವರ್ಷ ಹಿಡಿಯಿತು. ೨೦೦೩ರ ಆಗಸ್ಟ್ ೨೭ರಂದು ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಎಫ್-೫ ಎಂಬ ಯುದ್ಧವಿಮಾನಕ್ಕೆ ಉಬ್ಬಿದ ಹೊಸ ಮೂತಿಯೊಂದನ್ನು ಜೋಡಿಸಿ ಹಾರಿಸಿದರು. ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ಚೀಲವಿರುವುದಿಲ್ಲವೆ, ಅದರಂತೆಯೇ ಆ ಮೂತಿ. ಅದರ ಹಿಂದೆಯೇ ಅದೇ ದಾರಿಯಲ್ಲಿ ಮಾಮೂಲು ಮೂತಿಯ ಎಫ್-೫ ಕೂಡ ಹಾರಿತು. ನೆಲದ ಮೇಲಿಟ್ಟ ಯಂತ್ರಗಳು ಎರಡರ ಸದ್ದನ್ನೂ ಅಳೆದುವು. ಹೆಜ್ಜಾರ್ಲೆ ಮೂತಿಯ ಪೆಟ್ಟು ಸ್ಪಷ್ಟವಾಗಿ ಮೆತ್ತಗಾಗಿತ್ತು. ಆಕಾರವನ್ನು ತಿದ್ದಿ ಸಿಡಿಸದ್ದನ್ನು ತಿದ್ದಬಹುದೆಂಬುದು ಅಂದು ರುಜುವಾತಾಯಿತು.

ಅದೇ ದಾರಿಯ ಫಲ ಎಕ್ಸ್-೫೯ ಎಂಬ ವಿಮಾನ. ಅಮೆರಿಕದ ನಾಸಾ ಸಂಸ್ಥೆಗಾಗಿ ಲಾಕ್‌ಹೀಡ್ ಮಾರ್ಟಿನ್ ಕಂಪನಿ ಇದನ್ನು ಕಟ್ಟಿತು. ಉದ್ದ ನೂರು ಅಡಿಗೆ ಸ್ವಲ್ಪ ಕಡಿಮೆ. ರೆಕ್ಕೆಗಳ ಹರವು ಮೂವತ್ತಡಿಯೂ ಇಲ್ಲ. ಉದ್ದದ ಮೂರರಲ್ಲೊಂದು ಪಾಲು ಬರಿಯ ಮೂತಿ, ಬಕಪಕ್ಷಿಯ ಕೊಕ್ಕಿನಂತೆ. ಮೈಯಲ್ಲಿ ಎಲ್ಲಿಯೂ ತಟಕ್ಕನೆ ಉಬ್ಬು ತಗ್ಗುಗಳಿಲ್ಲ. ಚಾಲಕನಿಗೆ ಮುಂದುಗಡೆ ಕಿಟಕಿಯೇ ಇಲ್ಲ. ಗಾಜಿನ ಗೂಡು ಎದ್ದು ನಿಂತರೆ ಅಲ್ಲೊಂದು ತರಂಗ ಹುಟ್ಟುತ್ತದಲ್ಲ! ಆತ ಕ್ಯಾಮೆರಾ ಹಿಡಿದ ಚಿತ್ರವನ್ನು ಪರದೆಯ ಮೇಲೆ ನೋಡಿ ನಡೆಸಬೇಕು. ಇಂಜಿನ್ನನ್ನು ಬೆನ್ನಿನ ಮೇಲೆ ಕೂರಿಸಿದ್ದಾರೆ. ಅದರ ಬಾಯಿಂದ ಹೊರಡುವ ತರಂಗ ನೆಲದ ಕಡೆಗೆ ಬಾರದೆ ಮೇಲಕ್ಕೆ ಹೋಗಲೆಂದು. ಐವತ್ತೈದು ಸಾವಿರ ಅಡಿ ಎತ್ತರದಲ್ಲಿ ಮಾಕ್ ೧.೪ರ ವೇಗ ಇದರ ಗುರಿ. ಆಗ ನೆಲದ ಮೇಲೆ ಕೇಳಿಸಬೇಕಾದುದು ೭೫ ಡೆಸಿಬೆಲ್. ಕಾಂಕಾರ್ಡಿನದು ಇದೇ ಅಳತೆಯಲ್ಲಿ ಸುಮಾರು ೧೦೫. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ. ಮೂವತ್ತು ಇಳಿದರೆ ಎಂಟರಲ್ಲೊಂದು ಪಾಲು. ಎದುರು ಮನೆಯವರು ಕಾರಿನ ಬಾಗಿಲು ಹಾಕಿದಷ್ಟು, ದೂರದಲ್ಲಿ ಗುಡುಗಿದಷ್ಟು ಎನ್ನುತ್ತಾರೆ.

ಈ ವಿಮಾನ ೨೦೨೫ರ ಅಕ್ಟೋಬರ್ ೨೮ರಂದು ಮೊದಲ ಸಲ ಹಾರಿತು. ಆ ದಿನದ ವೇಗ ಶಬ್ದದ ವೇಗಕ್ಕಿಂತ ಬಹಳ ಕಡಿಮೆ. ಹೊಸ ವಿಮಾನವನ್ನು ಹೊಸ ಎತ್ತಿನಂತೆ ಮೆಲ್ಲಮೆಲ್ಲನೆ ಪಳಗಿಸುವುದು ಕ್ರಮ. ಪಳಗಿದ ಮೇಲೆ ಅದನ್ನು ಅಮೆರಿಕದ ಕೆಲವು ಊರುಗಳ ಮೇಲೆ ಹಾರಿಸಿ, ಕೆಳಗಿನ ಜನರನ್ನು ‘ಕೇಳಿಸಿತೆ? ತೊಂದರೆಯಾಯಿತೆ?’ ಎಂದು ವಿಚಾರಿಸುವುದು ನಾಸಾದ ಯೋಜನೆ. ಇಷ್ಟು ವೇಗ ಮೀರಬಾರದು ಎಂಬ ಕಾನೂನಿನ ಬದಲಿಗೆ ಇಷ್ಟು ಸದ್ದು ಮೀರಬಾರದು ಎಂಬ ಕಾನೂನು ಬರಬೇಕೆಂಬುದು ಇದರ ಹಿಂದಿರುವ ಆಶಯ. ೨೦೨೫ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ೧೯೭೩ರ ನಿಷೇಧವನ್ನು ತೆಗೆದು ಸದ್ದಿನ ಮಿತಿಯನ್ನು ಗೊತ್ತುಮಾಡುವಂತೆ ಆಜ್ಞೆ ಹೊರಡಿಸಿದರು.

ಇನ್ನೊಂದು ಉಪಾಯವೂ ಉಂಟು. ನೆಲದ ಹತ್ತಿರದ ಗಾಳಿ ಬೆಚ್ಚಗಿರುವುದರಿಂದ ಅಲ್ಲಿ ಶಬ್ದದ ವೇಗ ಹೆಚ್ಚು. ಶಬ್ದಕ್ಕಿಂತ ಸ್ವಲ್ಪವೇ ವೇಗವಾಗಿ, ತಕ್ಕ ಎತ್ತರದಲ್ಲಿ ಹಾರಿದರೆ ಇಳಿದು ಬರುವ ತರಂಗ ನೆಲ ಮುಟ್ಟುವ ಮೊದಲೇ ಬಾಗಿ ಮೇಲಕ್ಕೆ ತಿರುಗುತ್ತದೆ. ೨೦೨೫ರ ಜನವರಿಯಲ್ಲಿ ಬೂಮ್ ಎಂಬ ಅಮೆರಿಕದ ಕಂಪನಿಯ ಎಕ್ಸ್‌ಬಿ-೧ ವಿಮಾನ ಹೀಗೆ ಹಾರಿ, ಸದ್ದು ನೆಲಕ್ಕೆ ತಲಪಲಿಲ್ಲವೆಂದು ತೋರಿಸಿತು. ಆದರೆ ವೇಗ ಹೆಚ್ಚಿದರೆ ಈ ಉಪಾಯ ನಡೆಯದು, ಹವೆಯನ್ನೂ ನೋಡಿಕೊಳ್ಳಬೇಕು.

ಇಷ್ಟರಿಂದ ಎಲ್ಲವೂ ಬಗೆಹರಿಯಿತೆಂದು ತಿಳಿಯಬಾರದು. ನಿಲ್ದಾಣದಿಂದ ಏಳುವಾಗಿನ ಸದ್ದು ಬೇರೆ ಇದೆ. ಸದ್ದು ಕಡಿಮೆ ಮಾಡುವ ಇಂಜಿನ್ ದಪ್ಪಗಿರಬೇಕು. ಶಬ್ದವನ್ನು ಮೀರುವ ಇಂಜಿನ್ ತೆಳ್ಳಗಿರಬೇಕು. ಎಕ್ಸ್-೫೯ರಲ್ಲಿ ಕುಳಿತುಕೊಳ್ಳುವವನು ಒಬ್ಬನೇ. ನೂರು ಜನರನ್ನು ಹೊರುವ ವಿಮಾನ ಭಾರವಾದಷ್ಟೂ ಸದ್ದನ್ನು ಅಡಗಿಸುವುದು ಕಷ್ಟ. ಇಂಧನದ ಖರ್ಚು, ಟಿಕೆಟ್ಟಿನ ಬೆಲೆ ಇವೂ ಇವೆ. ಮುಂಬಯಿ ಬೆಂಗಳೂರಿನಂಥ ಹತ್ತಿರದ ದಾರಿಗೆ ಇದರಿಂದ ಲಾಭವೂ ಅಷ್ಟಕ್ಕಷ್ಟೆ. ದೂರದ ಹಾದಿಗೆ ಇದರ ಬೆಲೆ.

ಈ ವಿದ್ಯೆ ನಮ್ಮ ನಾಡಿಗೆ ಪರಕೀಯವೆಂದು ಮಕ್ಕಳು ಭಾವಿಸಬಾರದು. ೧೯೫೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸತೀಶ್ ಧವನ್ ಅವರು ಅಲ್ಲಿ ಶಬ್ದಾತೀತ ಗಾಳಿಸುರಂಗವನ್ನು ಕಟ್ಟಿದರು. ಅವರ ಶಿಷ್ಯ, ಬೆಂಗಳೂರಿನಲ್ಲಿ ಹುಟ್ಟಿದ ರೊದ್ದಂ ನರಸಿಂಹ ಗಾಳಿಯ ಹರಿವಿನ ಅಧ್ಯಯನದಲ್ಲಿ ಜಗತ್ತೇ ಬಲ್ಲ ಹೆಸರಾದರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿಯೇ ವಿಜ್ಞಾನ ಬರೆದವರು. ೧೯೬೧ರಲ್ಲಿ ಹಿಂದೂಸ್ತಾನ್ ಕಾರ್ಖಾನೆಯ ಮಾರುತ್ ವಿಮಾನ ಬೆಂಗಳೂರಿನಲ್ಲಿ ಹಾರಿತು. ಅಲ್ಲಿಯೇ ಹುಟ್ಟಿದ ತೇಜಸ್ ೨೦೦೩ರ ಆಗಸ್ಟ್ ೧ರಂದು ಶಬ್ದದ ವೇಗವನ್ನು ದಾಟಿತು. ಹೆಜ್ಜಾರ್ಲೆ ಮೂತಿಯ ವಿಮಾನ ಹಾರಿದ್ದು ಅದೇ ತಿಂಗಳು. ಎಕ್ಸ್-೫೯ರ ಬೆನ್ನ ಮೇಲಿರುವ ಎಫ್-೪೧೪ ಇಂಜಿನ್ನಿನ ಜಾತಿಯದನ್ನೇ ತೇಜಸ್‌ನ ಮುಂದಿನ ಮಾದರಿಗೂ ಆರಿಸಲಾಗಿದೆ.

ವೇಗದ ವಿದ್ಯೆ ನಮ್ಮಲ್ಲಿದೆ. ಮೌನದ ವಿದ್ಯೆಯನ್ನೂ ಕಲಿಯುವವರು ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕುಳಿತಿರುವ ಈ ಮಕ್ಕಳಿಂದಲೇ ಏಕೆ ಏಳಬಾರದು? ಹಿರಿಯರಲ್ಲಿಯೂ ಒಂದು ಬಿನ್ನಹವಿದೆ. ಎಂದಾದರೂ ಇಂಥ ವಿಮಾನ ನಮ್ಮ ನೆಲದ ಮೇಲೆ ಹಾಯಲು ಅಪ್ಪಣೆ ಕೇಳಿದರೆ, ಪ್ರಯಾಣಕ್ಕೆ ಎಷ್ಟು ಹೊತ್ತು ಉಳಿಯಿತೆಂದು ಮಾತ್ರ ವಿಚಾರಿಸಬೇಡಿ. ಗೋಕಾಕದವರನ್ನು ಕೇಳಿದಿರಾ, ಗದಗದವರನ್ನು ಕೇಳಿದಿರಾ ಎಂದೂ ವಿಚಾರಿಸಿ. ವಿಮಾನದ ಟಿಕೆಟ್ಟು ಕೊಂಡವನಿಗೆ ಇರುವಷ್ಟೇ ಮಾತಿನ ಹಕ್ಕು ಕೆಳಗೆ ಮನೆ ಕಟ್ಟಿಕೊಂಡವನಿಗೂ ಉಂಟು.